ನೋಟಿನ ಮನೆಯ ಬಾಗಿಲಲ್ಲಿ ರಾಮಕಿಂಕರ

ದೆಹಲಿಯ ಪಟೇಲ್ ಚೌಕ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಸಂಸದ್ ಮಾರ್ಗಕ್ಕೆ ಬಂದರೆ ರಿಸರ್ವ್ ಬ್ಯಾಂಕಿನ ಕಟ್ಟಡ ಸಿಗುತ್ತದೆ. ಅದರ ಬಾಗಿಲ ಎರಡೂ ಪಕ್ಕದಲ್ಲಿ ಎರಡು ಮೂರು ಆಳೆತ್ತರದ ಎರಡು ಕಲ್ಲಿನ ಆಕೃತಿಗಳಿವೆ. ಒಂದು ಯಕ್ಷ, ಇನ್ನೊಂದು ಯಕ್ಷಿ. 2016ರ ನವೆಂಬರಿನಲ್ಲಿ ಹಳೆಯ ನೋಟು ಹಿಡಿದುಕೊಂಡು ಈ ರಸ್ತೆಯಲ್ಲಿ ಗಂಟೆಗಟ್ಟಲೆ ಸರದಿ ನಿಂತವರಿಗೆ ಈ ಇಬ್ಬರನ್ನು ನೋಡಲು ಬೇಕಾದಷ್ಟು ಪುರುಸೊತ್ತು ಸಿಕ್ಕಿತ್ತು. ಆದರೆ ಅಂದು ಯಾರ ತಲೆಯೂ ಮೇಲೆ ಎದ್ದಿದ್ದು ನನಗೆ ನೆನಪಿಲ್ಲ. ಎಲ್ಲರ ಕಣ್ಣು ಮುಂದಿನವನ ಬೆನ್ನಿನ ಮೇಲೆ, ಕೈ ಜೇಬಿನ ಮೇಲೆ.

ಯಕ್ಷನ ಒಂದು ಕೈಯಲ್ಲಿ ಯಂತ್ರದ ಹಲ್ಲುಚಕ್ರ, ಇನ್ನೊಂದರಲ್ಲಿ ಹಣದ ಚೀಲ. ಯಕ್ಷಿಯ ಕೈಯಲ್ಲಿ ಹೂವು ಮತ್ತು ತೆನೆಕಟ್ಟು. ಒಬ್ಬ ಉದ್ಯಮ, ಒಬ್ಬಳು ಬೇಸಾಯ. ದೇಶದ ಖಜಾನೆಗೆ ಕುಬೇರನ ಕಡೆಯವರನ್ನೇ ಕಾವಲಿಗೆ ನಿಲ್ಲಿಸಿದ ಆ ಶಿಲ್ಪಿಗೆ ಮಾತ್ರ ಜೀವಮಾನವಿಡೀ ಹಣವನ್ನು ಹಿಡಿದಿಡಲು ಬರಲಿಲ್ಲ. ಅವರ ಹೆಸರು ರಾಮಕಿಂಕರ ಬೈಜ್. ಚಿತ್ರ, ಶಿಲ್ಪ, ನಾಟಕ, ಹಾಡು ನಾಲ್ಕರಲ್ಲೂ ಮೈಮರೆತು ದುಡಿದವರು. ಕಲಾ ಇತಿಹಾಸ ಬರೆಯುವವರು ಭಾರತದ ಆಧುನಿಕ ಶಿಲ್ಪದ ಕಥೆಯನ್ನು ಇವರಿಂದಲೇ ಶುರು ಮಾಡುತ್ತಾರೆ. ನಾನು ಲೆಕ್ಕ ಪರಿಶೋಧನೆಯ ಕೆಲಸದವನು, ಕಲಾ ವಿಮರ್ಶಕನಲ್ಲ. ಬಹುಶಃ ಅದಕ್ಕೇ ಈ ಮನುಷ್ಯನ ಲೆಕ್ಕ ನನ್ನನ್ನು ಇಷ್ಟು ಕಾಡುತ್ತಿದೆ. ಯಾವ ಕಡೆಯಿಂದ ಕೂಡಿದರೂ ತಾಳೆಯಾಗುವುದಿಲ್ಲ.

ಅವರು ಹುಟ್ಟಿದ್ದು 1906ರಲ್ಲಿ, ಬಂಗಾಳದ ಬಾಂಕುಡಾ ಊರಿನಲ್ಲಿ, ಕ್ಷೌರಿಕರ ಬಡ ಕುಟುಂಬದಲ್ಲಿ. ನಮ್ಮ ಕಡೆ ಸವಿತಾ ಸಮಾಜ ಎನ್ನುತ್ತೇವಲ್ಲ, ಆ ಸಮುದಾಯ. ಮನೆಯಲ್ಲಿ ಯಾರೂ ಕಲಾವಿದರಿರಲಿಲ್ಲ. ಆದರೆ ಕೇರಿಯ ಹತ್ತಿರ ಮಣ್ಣಿನ ಮೂರ್ತಿ ಮಾಡುವವರಿದ್ದರು. ಹುಡುಗ ಅಲ್ಲಿಗೆ ಹೋಗಿ ಕೂರುತ್ತಿದ್ದ, ಅವರ ಕೈಕೆಳಗೆ ಮಣ್ಣು ಮಿದಿಯುವುದನ್ನು, ಹುಲ್ಲು ಸುತ್ತಿ ಮೈ ಕಟ್ಟುವುದನ್ನು ಕಲಿತ. ಬಂಗಾಳದ ಮೂರ್ತಿ ಕೆಲಸವೆಂದರೆ ನಮ್ಮ ಗೌರಿ ಗಣೇಶನ ಹಾಗೆಯೇ. ತಿಂಗಳುಗಟ್ಟಲೆ ಕೂತು ಕಣ್ಣು, ಹುಬ್ಬು, ಬೆರಳು ತಿದ್ದಿದ ದುರ್ಗೆ ಐದು ದಿನ ಪೂಜೆ ಮಾಡಿಸಿಕೊಂಡು ನೀರಿಗೆ ಹೋಗುತ್ತಾಳೆ. ಮಾಡಿದವನು ಅತ್ತುಕೊಂಡು ಕೂರುವುದಿಲ್ಲ, ಮುಂದಿನ ವರ್ಷದ ಮಣ್ಣು ನೆನೆಹಾಕುತ್ತಾನೆ. ಇಲ್ಲಿ ದೆಹಲಿಯ ಚಿತ್ತರಂಜನ್ ಪಾರ್ಕಿನಲ್ಲಿ ಪ್ರತಿ ಶರತ್ಕಾಲದಲ್ಲಿ ನಾವು ಇದನ್ನು ಕಣ್ಣಾರೆ ಕಾಣುತ್ತೇವೆ. ಈಗ ಯಮುನೆಗೆ ಬಿಡುವುದಿಲ್ಲ, ಅದಕ್ಕೆಂದೇ ತೋಡಿದ ಕೊಳಗಳಲ್ಲಿ ಮುಳುಗಿಸುತ್ತಾರೆ, ಅಷ್ಟೇ ವ್ಯತ್ಯಾಸ. ರಾಮಕಿಂಕರರ ಮೊದಲ ಪಾಠಶಾಲೆ ಇದು ಎಂಬುದನ್ನು ನೆನಪಿಟ್ಟುಕೊಂಡರೆ ಅವರ ಮುಂದಿನ ಬದುಕು ಅಷ್ಟು ವಿಚಿತ್ರವೆನಿಸುವುದಿಲ್ಲ.

ಹುಡುಗ ನಾಟಕದ ಪರದೆ ಬರೆದ. ಅಸಹಕಾರ ಚಳವಳಿಯ ಕಾಲದಲ್ಲಿ ಮೆರವಣಿಗೆಗಳಿಗೆ ನಾಯಕರ ಚಿತ್ರ ಬರೆದುಕೊಟ್ಟ. ಬಾಂಕುಡಾದವರೇ ಆದ ರಾಮಾನಂದ ಚಟರ್ಜಿ ಆಗ ಮಾಡರ್ನ್ ರಿವ್ಯೂ, ಪ್ರವಾಸಿ ಪತ್ರಿಕೆಗಳ ಸಂಪಾದಕರಾಗಿ ದೇಶಕ್ಕೆಲ್ಲ ಗೊತ್ತಿದ್ದವರು. ಊರಿಗೆ ಬಂದಾಗ ಈ ಹುಡುಗನ ಕೆಲಸ ಅವರ ಕಣ್ಣಿಗೆ ಬಿತ್ತು. 1925ರಲ್ಲಿ ರಾಮಕಿಂಕರ ಶಾಂತಿನಿಕೇತನ ಸೇರಿದ್ದು ಅವರ ಕೃಪೆಯಿಂದ. ಕಲಾಭವನದ ಮುಖ್ಯಸ್ಥರು ನಂದಲಾಲ್ ಬೋಸ್. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದಾಗ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರ ಜೊತೆ ಓದಿದವರು. ಹುಡುಗ ತಂದಿದ್ದ ಚಿತ್ರಗಳನ್ನು ನೋಡಿದ ನಂದಲಾಲರು, ಇಷ್ಟೆಲ್ಲ ಬರುವವನಿಗೆ ಇಲ್ಲಿ ಕಲಿಯಲು ಏನಿದೆ ಎಂದು ಅಚ್ಚರಿಪಟ್ಟು, ಬಂದದ್ದಾಯಿತು, ಎರಡು ಮೂರು ವರ್ಷ ಇರು ಎಂದರಂತೆ. ಆ ಎರಡು ಮೂರು ವರ್ಷ ಐವತ್ತೈದು ವರ್ಷವಾಯಿತು.

ಗುರು ಶಿಷ್ಯರ ಗುಣ ತದ್ವಿರುದ್ಧ. ನಂದಲಾಲರದು ಸಂಯಮದ ರೇಖೆ, ಜಲವರ್ಣ, ಸಂಪ್ರದಾಯದ ಮೇಲೆ ಭಕ್ತಿ. ಶಿಷ್ಯನಿಗೆ ತೈಲವರ್ಣದ ಹುಚ್ಚು, ಪಿಕಾಸೊ ಕಾಲದ ಯುರೋಪಿನ ಕಲೆಯ ಕುತೂಹಲ, ಎಲ್ಲಕ್ಕಿಂತ ಹೆಚ್ಚಾಗಿ ಶಿಲ್ಪದ ಹಸಿವು. ಶಾಂತಿನಿಕೇತನಕ್ಕೆ ಬಂದುಹೋದ ಆಸ್ಟ್ರಿಯಾದ ಲೀಸಾ ಫಾನ್ ಪಾಟ್, ಇಂಗ್ಲೆಂಡಿನ ಮಾರ್ಗರೆಟ್ ಮಿಲ್ವರ್ಡ್ ಎಂಬ ಇಬ್ಬರು ಶಿಲ್ಪಿಗಳಿಂದ ಅವರು ಕೆಲಸದ ಪಟ್ಟು ಕಲಿತರು. ಉಳಿದದ್ದು ತಾವೇ ಕಂಡುಕೊಂಡದ್ದು.

ಕಲ್ಲು ಕೊಳ್ಳಲು ದುಡ್ಡಿಲ್ಲ, ಕಂಚಿನ ಮಾತೇ ಬೇಡ. ಶಾಂತಿನಿಕೇತನದ ಸುತ್ತ ಇರುವುದು ಕೆಂಪು ನೆಲ, ನಮ್ಮ ಕರಾವಳಿಯ ಮುರಕಲ್ಲಿನ ಜಾತಿಯದು. ಆ ನೆಲದ ಗರಸನ್ನೇ ಸಿಮೆಂಟಿಗೆ ಕಲಸಿದರು. ಕಬ್ಬಿಣದ ಸರಳಿನಿಂದ ಮೈಕಟ್ಟಿನ ಹಂದರ ನಿಲ್ಲಿಸಿ, ಅದರ ಮೇಲೆ ಈ ಕಲಸನ್ನು ಮುಷ್ಟಿಮುಷ್ಟಿಯಾಗಿ ಎಸೆದು ಮೆತ್ತುವುದು. ಪೂರ್ತಿ ಗಟ್ಟಿಯಾಗುವ ಮೊದಲು ಬೇಡವಾದ್ದನ್ನು ಕೆತ್ತಿ ತೆಗೆಯುವುದು. ಗೋಡೆಗೆ ಗಾರೆ ಎರಚುವುದನ್ನು ನೋಡಿದವರಿಗೆ ಈ ಕೆಲಸ ಅರ್ಥವಾಗುತ್ತದೆ. ಸಿಮೆಂಟು ಒಣಗುವ ವೇಗಕ್ಕೆ ಕೈ ಓಡಬೇಕು, ಯೋಚಿಸುತ್ತ ನಿಂತರೆ ಕೆಟ್ಟಿತು. ಬೇಲೂರಿನ ಮದನಿಕೆಯರ ಬಳಪದ ಕಲ್ಲಿನ ನಯ ನೋಡಿ ಬೆಳೆದ ನಮ್ಮ ಕಣ್ಣಿಗೆ ಈ ಒರಟು ಮೈ ಮೊದಲು ಒಗ್ಗುವುದಿಲ್ಲ. ಹತ್ತು ಹೆಜ್ಜೆ ಹಿಂದೆ ಸರಿದು ನೋಡಬೇಕು, ಆಗ ಅದು ಉಸಿರಾಡುತ್ತದೆ.

1935ರಲ್ಲಿ ನೀಲಗಿರಿ ಮರಗಳ ನಡುವೆ ಒಂದು ಹೆಣ್ಣಿನ ಆಕೃತಿ ಎದ್ದಿತು. ಮರಗಳಷ್ಟೇ ನೀಳ, ಅವುಗಳ ಜೊತೆ ಬೆಳೆದಂತೆ ಕಾಣುವ ದೇಹ. ಜಯಾ ಅಪ್ಪಸಾಮಿ ಎಂಬ ವಿದ್ಯಾರ್ಥಿನಿಯ ನಿಲುವನ್ನು ನೋಡಿ ಮಾಡಿದ್ದು. ಆಕೆ ಮುಂದೆ ದೆಹಲಿಯಲ್ಲೇ ಕಲಾವಿದೆ, ವಿಮರ್ಶಕಿ ಎಂದು ಹೆಸರಾದರು. ತಲೆಯ ಮೇಲೊಂದು ಬಟ್ಟಲು ಇಡು ಎಂದು ನಂದಲಾಲರು ಸೂಚಿಸಿದರು. ಬಟ್ಟಲು ಬಂದ ಕೂಡಲೇ ಅದು ಬುದ್ಧನಿಗೆ ಪಾಯಸ ಒಯ್ಯುವ ಸುಜಾತೆಯಾಯಿತು. ಒಂದು ದಿನ ರವೀಂದ್ರನಾಥರು ಕರೆಕಳಿಸಿದರು. ಆಶ್ರಮದ ನಡುವೆ ಹೇಳದೆ ಕೇಳದೆ ಹೀಗೊಂದನ್ನು ನಿಲ್ಲಿಸಿದ್ದಕ್ಕೆ ಬೈಗುಳ ಕಾದಿದೆ ಎಂದುಕೊಂಡೇ ರಾಮಕಿಂಕರ ಹೋದರು. ಕವಿ ಬೈಯಲಿಲ್ಲ. ಇಡೀ ಆಶ್ರಮವನ್ನು ಇಂಥವುಗಳಿಂದ ತುಂಬಿಬಿಡು, ಒಂದು ಮುಗಿದರೆ ಇನ್ನೊಂದಕ್ಕೆ ಕೈ ಹಾಕು ಎಂದರು. ಮುಂದೆ ಕವಿಯ ತಲೆಯನ್ನೇ ಶಿಲ್ಪವಾಗಿ ಮಾಡುವಾಗ ಇನ್ನೊಂದು ಮಾತು ಸಿಕ್ಕಿತು. ಕಂಡದ್ದನ್ನು ಹುಲಿಯ ಹಾಗೆ ಕುತ್ತಿಗೆಗೆ ಬಾಯಿ ಹಾಕಿ ಹಿಡಿಯಬೇಕು, ಆಮೇಲೆ ಹಿಂತಿರುಗಿ ನೋಡಬಾರದು. ಈ ಮಾತನ್ನು ಶಿಷ್ಯ ಅಕ್ಷರಶಃ ಪಾಲಿಸಿದ. ಹಿಂತಿರುಗಿ ನೋಡದಿರುವುದನ್ನಂತೂ ಅಗತ್ಯಕ್ಕಿಂತ ಹೆಚ್ಚೇ ಪಾಲಿಸಿದ ಎಂದು ನನ್ನ ಅಭಿಪ್ರಾಯ.

1938ರಲ್ಲಿ ಬಂದದ್ದು ಸಂತಾಲ ಕುಟುಂಬ. ಗಂಡ, ಹೆಂಡತಿ, ಜೊತೆಗೊಂದು ನಾಯಿ. ಗಂಡನ ಹೆಗಲ ಮೇಲೆ ಕಾವಡಿ, ಅದರ ಒಂದು ಬುಟ್ಟಿಯಲ್ಲಿ ಮಗು. ಮನೆಯಲ್ಲಿದ್ದ ನಾಲ್ಕು ಸಾಮಾನು ಹೊತ್ತುಕೊಂಡು ಕೂಲಿ ಹುಡುಕಿ ಹೊರಟ ಒಂದು ಸಂಸಾರ. ಅದುವರೆಗೆ ಈ ದೇಶದ ಬಯಲಲ್ಲಿ ನಿಲ್ಲಿಸಿದ ದೊಡ್ಡ ಶಿಲ್ಪಗಳೆಂದರೆ ದೇವರು, ರಾಜ, ಕುದುರೆಯ ಮೇಲಿನ ಗವರ್ನರು. ಕೂಲಿಯವರನ್ನು ಆಳಿಗಿಂತ ದೊಡ್ಡದಾಗಿ ಮಾಡಿ, ಪೀಠವನ್ನು ತಗ್ಗಿಸಿ, ದಾರಿಯ ಪಕ್ಕ ನಿಲ್ಲಿಸಿದವರು ಇವರು. ಅವರಲ್ಲಿ ದೈನ್ಯವಿಲ್ಲ, ಅಳುವಿಲ್ಲ. ಉದ್ದ ಹೆಜ್ಜೆ ಹಾಕಿ ನಡೆಯುತ್ತಿದ್ದಾರೆ.

ಈ ಶಿಲ್ಪದ ಮುಂದೆ ನಾನು ನಿಂತದ್ದು 2022ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 2020ರ ಮಾರ್ಚ್ ಕೊನೆಯಲ್ಲಿ, ಗಾಜಿಯಾಬಾದಿನ ಇಂದಿರಾಪುರದ ನಮ್ಮ ಬಾಲ್ಕನಿಯಿಂದ ಹೆದ್ದಾರಿಯನ್ನು ಮೂರು ದಿನ ನೋಡಿದ್ದೆ. ಆನಂದ ವಿಹಾರದ ಬಸ್ ನಿಲ್ದಾಣದಲ್ಲಿ ಜನಸಾಗರ. ಬಸ್ಸು ಸಿಗದವರು ನಡೆದೇ ಹೊರಟಿದ್ದರು. ಹೆಗಲ ಮೇಲೆ ಮಗು, ತಲೆಯ ಮೇಲೆ ಗಂಟು, ಗಾಲಿ ಸೂಟ್‌ಕೇಸಿನ ಮೇಲೆ ಮಲಗಿಸಿದ ಇನ್ನೊಂದು ಮಗು. ನಾವೂ ಊರು ಬಿಟ್ಟು ಬಂದವರೇ. ಆದರೆ ನಮಗೆ ಲ್ಯಾಪ್‌ಟಾಪ್ ಇತ್ತು, ಮನೆಯಿಂದ ಕೆಲಸ ಇತ್ತು, ತಿಂಗಳ ಕೊನೆಗೆ ಸಂಬಳ ಇತ್ತು. ವಲಸೆ ಎಂಬ ಒಂದೇ ಪದವನ್ನು ಅವರಿಗೂ ನಮಗೂ ಬಳಸುವುದು ಸರಿಯೇ ಎಂದು ಅಂದಿನಿಂದ ಅನುಮಾನ. ಶಾಂತಿನಿಕೇತನದಲ್ಲಿ ಆ ಕಾವಡಿಯ ಮಗುವನ್ನು ಕಂಡಾಗ ಮೊದಲು ನೆನಪಾದದ್ದು ಆ ಸೂಟ್‌ಕೇಸ್. ಎಂಬತ್ತು ವರ್ಷ ಮೊದಲೇ ಒಬ್ಬರು ಇದನ್ನು ನೋಡಿ, ನೋಡಿದ್ದನ್ನು ಮರೆಯದಂತೆ ಮಾಡಿಟ್ಟಿದ್ದರು.

1956ರ ಗಿರಣಿಯ ಕರೆಯಲ್ಲಿ ಅದೇ ಸಂತಾಲರು ಓಡುತ್ತಿದ್ದಾರೆ. ಗಿರಣಿಯ ಸೈರನ್ ಕೂಗಿದೆ. ಇಬ್ಬರು ಹೆಂಗಸರು ಒದ್ದೆ ಬಟ್ಟೆಯನ್ನು ಗಾಳಿಗೆ ಹಿಡಿದು ಒಣಗಿಸಿಕೊಳ್ಳುತ್ತಲೇ ಓಡುತ್ತಿದ್ದಾರೆ, ಹಿಂದೆ ಒಬ್ಬ ಹುಡುಗ. ಬಟ್ಟೆ ಒಣಗುವಷ್ಟು ಹೊತ್ತು ಹಾರುವ ಒಂದು ಗಳಿಗೆ ಅದು. ಅದನ್ನು ಟನ್ನುಗಟ್ಟಲೆ ಸಿಮೆಂಟಿನಲ್ಲಿ ಹಿಡಿದಿದ್ದಾರೆ, ಆದರೂ ಭಾರ ಕಾಣುವುದಿಲ್ಲ. ಚೆಲುವು ಎಂದರೆ ಇವರ ಮಟ್ಟಿಗೆ ಹೀಗೆ ದಾಟಿಹೋಗುತ್ತಿರುವುದೇ. ಮೆಲ್ಲಗೆ ಕೂತು ಅಲಂಕರಿಸಿಕೊಂಡ ಹೆಣ್ಣು ಅವರ ಕೈಯಲ್ಲಿ ಹೆಚ್ಚು ಮೂಡಲಿಲ್ಲ. ಮಣಿಪುರದ ರಾಜಕುಮಾರಿ, ಮುಂದೆ ಆ ನಾಡಿನ ದೊಡ್ಡ ಲೇಖಕಿಯಾದ ಬಿನೋದಿನಿ ದೇವಿ ಇವರ ಶಿಷ್ಯೆಯಾಗಿದ್ದರು. ಆಕೆಯನ್ನು ಮತ್ತೆ ಮತ್ತೆ ಬರೆದರು. ಆ ತೈಲಚಿತ್ರಗಳಲ್ಲಿಯೂ ಆಕೆ ಈಗ ಎದ್ದು ಹೋಗಿಬಿಡುವವಳಂತೆ ಕೂತಿದ್ದಾಳೆ. ಹೋದದ್ದೂ ಹೌದು.

ಅವರ ಖಾಸಗಿ ಬದುಕಿನ ಬಗ್ಗೆ ಆಶ್ರಮದ ಸಭ್ಯರು ಸಾಕಷ್ಟು ಮಾತನಾಡಿದರು. ಮದುವೆಯಾಗಲಿಲ್ಲ. ರಾಧಾರಾಣಿ ಎಂಬ ಬಡ ಹೆಣ್ಣುಮಗಳು ಜೊತೆಗಾತಿಯಾಗಿ ಕೊನೆಯವರೆಗೆ ಅವರ ಮನೆಯಲ್ಲಿದ್ದರು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಕುಡಿಯುತ್ತಿದ್ದರು. ತಲೆಗೆ ತಾಳೆಗರಿಯ ಟೊಪ್ಪಿಗೆ ಇಟ್ಟು, ಬಾವುಲರ ಹಾಡುಗಳನ್ನೂ ರವೀಂದ್ರರ ಹಾಡುಗಳನ್ನೂ ಎತ್ತರದ ದನಿಯಲ್ಲಿ ಹಾಡುತ್ತ ಬಿಸಿಲಲ್ಲಿ ಕೆಲಸ ಮಾಡುತ್ತಿದ್ದರು. ವಿದ್ಯಾರ್ಥಿಗಳನ್ನು ಸೇರಿಸಿ ನಾಟಕ ಆಡಿಸಿದರು, ತಾವೂ ಪಾತ್ರ ಮಾಡಿದರು, ರಂಗಸಜ್ಜಿಕೆಯನ್ನೂ ಮಾಡಿದರು. ನಾಟಕ ಮುಗಿದ ಮೇಲೆ ರಂಗಸಜ್ಜಿಕೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಅವರಿಂದ ಕಲಿತ ಶಂಖೊ ಚೌಧುರಿ, ಕೆ.ಜಿ. ಸುಬ್ರಮಣ್ಯನ್ ಮುಂತಾದವರು ಮುಂದೆ ದೇಶದ ದೊಡ್ಡ ಕಲಾವಿದರಾದರು.

ಇಷ್ಟು ಅವಸರದ, ಕೈಗೆ ಸಿಕ್ಕಿದ್ದರಲ್ಲಿ ಮಾಡಿ ಮುಗಿಸುವ ಮನುಷ್ಯನ ಹೆಗಲಿಗೆ ದೆಹಲಿಯ ಕಲ್ಲು ಬಿದ್ದದ್ದು 1950ರ ದಶಕದಲ್ಲಿ. ಹೊಸ ಸರಕಾರಿ ಕಟ್ಟಡಗಳಲ್ಲಿ ಕಲಾವಿದರಿಗೂ ಜಾಗ ಇರಬೇಕು ಎಂದು ನೆಹರೂ ಹೇಳುತ್ತಿದ್ದ ಕಾಲ. ರಿಸರ್ವ್ ಬ್ಯಾಂಕು ತನ್ನ ದೆಹಲಿ ಕಚೇರಿಗೆ ಶಿಲ್ಪ ಬೇಕೆಂದು ಕಲಾವಿದರನ್ನು ಕೇಳಿತು. ರಾಮಕಿಂಕರರ ಯಕ್ಷ ಯಕ್ಷಿಯರ ಮಾದರಿ ಒಪ್ಪಿಗೆಯಾಯಿತು. ಅವರ ಕಣ್ಣ ಮುಂದಿದ್ದದ್ದು ಮಥುರಾ ವಸ್ತುಸಂಗ್ರಹಾಲಯದ ಪಾರ್ಖಮ್ ಯಕ್ಷ ಮತ್ತು ಕಲ್ಕತ್ತೆಯ ಸಂಗ್ರಹಾಲಯದಲ್ಲಿರುವ ಬೆಸ್‌ನಗರದ ಯಕ್ಷಿ. ಎರಡೂ ಎರಡು ಸಾವಿರ ವರ್ಷದಷ್ಟು ಹಳೆಯವು.

ಮಾದರಿ ಮಾಡುವುದು ಸುಲಭವಾಗಿತ್ತು. ಅಷ್ಟು ದೊಡ್ಡ, ಬಿರುಕಿಲ್ಲದ ಕಲ್ಲು ಎಲ್ಲಿದೆ? ಹುಡುಕಿ ಹುಡುಕಿ ಕೊನೆಗೆ ಹಿಮಾಚಲದ ಕಾಂಗಡಾ ಕಣಿವೆಯಲ್ಲಿ, ಬೈಜನಾಥದ ಬಳಿ ಶಿವಾಲಿಕ ಮರಳುಗಲ್ಲು ಸಿಕ್ಕಿತು. ಅಲ್ಲಿಂದ ಇಳಿಸಿ ತರಲು ಇದ್ದದ್ದು ಬೆಟ್ಟದ ರಸ್ತೆ ಮತ್ತು ಸಣ್ಣ ಹಳಿಯ ರೈಲು. ಶ್ರವಣಬೆಳಗೊಳದವರು ಜಾಣರು, ಬೆಟ್ಟ ಇದ್ದಲ್ಲೇ ಗೊಮ್ಮಟನನ್ನು ಕಡೆದರು. ಇಲ್ಲಿ ಬೆಟ್ಟವನ್ನೇ ತುಂಡು ಮಾಡಿ ರಾಜಧಾನಿಗೆ ಹೊರಬೇಕಾಯಿತು. ವರ್ಷಗಳು ಉರುಳಿದವು. ಯಕ್ಷಿಯ ಬತ್ತಲೆ ಮೈಯ ಬಗ್ಗೆ ಗೊಣಗಾಟ ಎದ್ದಿತು, ಸರಕಾರಿ ಬ್ಯಾಂಕಿನ ಮುಂದೆ ಇಂಥದ್ದೇಕೆ ಎಂಬ ಪ್ರಶ್ನೆ ರಾಜ್ಯಸಭೆಯವರೆಗೂ ಹೋಯಿತು. ಕೆಲಸ ಮುಗಿದದ್ದು 1967ರಲ್ಲಿ. ಒಂದು ದಶಕಕ್ಕೂ ಹೆಚ್ಚು ಕಾಲ, ಐವತ್ತು ದಾಟಿದ ವಯಸ್ಸಿನಲ್ಲಿ.

ಅವರ ಕೈಯಿಂದ ಬಂದ ದೊಡ್ಡ ಕೆಲಸಗಳಲ್ಲಿ ಹೆಚ್ಚು ಬಾಳುವುದು ಇವೇ, ಸಂಶಯವಿಲ್ಲ. ಆದರೆ ಅವರ ಜೀವ ಇರುವುದು ಇವುಗಳಲ್ಲಿ ಎಂದು ನನಗೆ ಅನಿಸುವುದಿಲ್ಲ. ಯಕ್ಷ ಯಕ್ಷಿ ಗಂಭೀರವಾಗಿ, ನೆಟ್ಟಗೆ, ಕೊಟ್ಟ ಕೆಲಸ ಮಾಡುತ್ತ ನಿಂತಿದ್ದಾರೆ, ನಮ್ಮಂಥ ನೌಕರರ ಹಾಗೆ. ಓಡುವ ಹೆಂಗಸರ ಉಸಿರು ಅಲ್ಲಿ ಇಲ್ಲ. ಇದೇ ಸಂಸದ್ ಮಾರ್ಗದ ಇನ್ನೊಂದು ತುದಿಯ ಕಡೆಗೆ, ಸಂಸತ್ತಿನ ಗ್ರಂಥಾಲಯದಲ್ಲಿ, ಗುರು ನಂದಲಾಲರ ತಂಡ ಚಿತ್ರಾಲಂಕಾರ ಮಾಡಿದ ಸಂವಿಧಾನದ ಮೂಲಪ್ರತಿಯನ್ನು ಹೊರಗಿನ ಗಾಳಿ ತಾಗದ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಿದ್ದಾರೆ. ಶಿಷ್ಯನ ಶಿಲ್ಪಗಳಿಗೆ ದೆಹಲಿಯ ಹೊಗೆ, ದೂಳು, ಪಾರಿವಾಳ.

ಯಕ್ಷ ಯಕ್ಷಿ ಮುಗಿದ ಮೇಲೆ ಮನ್ನಣೆಗಳು ಬಂದವು. 1970ರಲ್ಲಿ ಪದ್ಮಭೂಷಣ, 1976ರಲ್ಲಿ ಲಲಿತಕಲಾ ಅಕಾಡೆಮಿಯ ಫೆಲೋ, ವಿಶ್ವಭಾರತಿಯಿಂದ ದೇಶಿಕೋತ್ತಮ. 1971ರಲ್ಲಿ ನಿವೃತ್ತಿ. ಮನೆ ಮಾತ್ರ ಹುಲ್ಲಿನ ಸೂರಿನದೇ. ಚಲನಚಿತ್ರ ನಿರ್ದೇಶಕ ಋತ್ವಿಕ್ ಘಟಕ್ 1975ರಲ್ಲಿ ಅವರ ಮೇಲೊಂದು ಸಾಕ್ಷ್ಯಚಿತ್ರ ತೆಗೆಯಲು ಬಂದರು. ಆಗ ಹೊರಬಿದ್ದ ಸಂಗತಿಯನ್ನು ಇಂದಿಗೂ ಕಲಾ ವಲಯದಲ್ಲಿ ಹೇಳಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಸೂರು ಸೋರುತ್ತದೆ, ಹೊಸ ಹುಲ್ಲು ಹೊದಿಸಲು ಹಣವಿಲ್ಲ. ಮನೆಯಲ್ಲಿ ತೈಲವರ್ಣದ ದೊಡ್ಡ ಕ್ಯಾನ್ವಾಸುಗಳಿವೆ. ಎಣ್ಣೆ ಬಣ್ಣ ನೀರು ಬಿಡುವುದಿಲ್ಲ. ಹಾಗಾಗಿ ಚಿತ್ರಗಳನ್ನೇ ಸೂರಿಗೆ ಕಟ್ಟಿದ್ದಾರೆ. ಇದನ್ನು ಅವರು ದುಃಖದಿಂದ ಹೇಳುವುದಿಲ್ಲ. ಎಣ್ಣೆ ಬಣ್ಣದ ಇನ್ನೊಂದು ಉಪಯೋಗ ತಿಳಿಸುವವರ ಹಾಗೆ ನಗುತ್ತ ಹೇಳುತ್ತಾರೆ. ಆ ಸಾಕ್ಷ್ಯಚಿತ್ರವನ್ನು ಪೂರ್ತಿ ಮಾಡುವ ಮೊದಲೇ, 1976ರ ಫೆಬ್ರವರಿಯಲ್ಲಿ, ಘಟಕ್ ತೀರಿಕೊಂಡರು. ಸಮರೇಶ್ ಬಸು ಇವರ ಬದುಕಿನ ಮೇಲೆ ಬರೆಯುತ್ತಿದ್ದ ದೊಡ್ಡ ಕಾದಂಬರಿಯೂ ಲೇಖಕರ ಸಾವಿನಿಂದ ಅರ್ಧಕ್ಕೆ ನಿಂತಿತು.

ಈ ಸೂರಿನ ಕಥೆಯನ್ನು ಕೇಳಿದವರು ಎರಡು ಪಂಗಡವಾಗುತ್ತಾರೆ. ಒಂದು ಪಂಗಡ ಕೈಮುಗಿಯುತ್ತದೆ, ಎಂಥ ನಿರ್ಮೋಹ ಎನ್ನುತ್ತದೆ. ಇನ್ನೊಂದು ಪಂಗಡಕ್ಕೆ ಸಿಟ್ಟು ಬರುತ್ತದೆ, ದೇಶದ ಆಸ್ತಿಯನ್ನು ಹೀಗೆ ಹಾಳು ಮಾಡಬಹುದೇ ಎಂದು. ನಾನು ಸಿಟ್ಟಿನ ಪಂಗಡದವನು, ಆದರೆ ನನ್ನ ಸಿಟ್ಟು ಅವರ ಮೇಲಲ್ಲ. ಪದ್ಮಭೂಷಣದ ಪದಕ ಇರುವ ಮನೆಗೆ ನಾಲ್ಕು ಹೊರೆ ಹುಲ್ಲು ಕೊಡಿಸಲು ಯಾರಿಗೂ ತೋಚಲಿಲ್ಲವಲ್ಲ! ನಿರ್ಮೋಹ ಎನ್ನುವ ದೊಡ್ಡ ಮಾತಿನಿಂದ ಬಡತನವನ್ನು ಮುಚ್ಚುವುದು ನಮಗೆಲ್ಲ ಅಭ್ಯಾಸವಾಗಿದೆ. ಅವರಿಗೆ ಮಾಡಿದ್ದರ ಮೇಲೆ ಮೋಹ ಇರಲಿಲ್ಲ ನಿಜ. ಮಾಡುವುದರ ಮೇಲೆ ಇದ್ದ ಮೋಹ ಮಾತ್ರ ಅಷ್ಟಿಷ್ಟಲ್ಲ.

1980ರ ಮಾರ್ಚಿನಲ್ಲಿ ಕಾಯಿಲೆಯಿಂದ ಕಲ್ಕತ್ತೆಯ ಆಸ್ಪತ್ರೆ ಸೇರಿದರು. ಅಲ್ಲಿಯೂ ಕೈ ಸುಮ್ಮನಿರಲಿಲ್ಲ. ಆಸ್ಪತ್ರೆಯ ಕೋಣೆಯಲ್ಲೇ ಒಂದು ಪುಟ್ಟ ದುರ್ಗೆಯ ಮೂರ್ತಿ ಮಾಡಿದರು. ಅದೇ ಕೊನೆಯದು. ಆಗಸ್ಟ್ 2ರಂದು ಹೋದರು. ಶಾಂತಿನಿಕೇತನಕ್ಕೆ ಒಯ್ದು ದಹನ ಮಾಡಿದರು.

ಬಿಸಿಲು ಮಳೆಗೆ ಬಿಟ್ಟ ಸಿಮೆಂಟ್ ಶಿಲ್ಪಗಳು ಸವೆಯತೊಡಗಿದ್ದವು. ಗರಸು ಉದುರುತ್ತದೆ, ಒಳಗಿನ ಸರಳು ತುಕ್ಕು ಹಿಡಿಯುತ್ತದೆ. ಈಗ ಸಂತಾಲ ಕುಟುಂಬದ ಮೇಲೆ ಒಂದು ಮಾಡು ಕಟ್ಟಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಶಾಂತಿನಿಕೇತನ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನೋಡಿಕೊಳ್ಳುವವರು ಹೆಚ್ಚಿರಬೇಕು.

ಅಷ್ಟು ದೂರ ಹೋಗಲಾಗದವರಿಗೆ ದೆಹಲಿಯಲ್ಲೇ ದಾರಿ ಇದೆ. ಇಂಡಿಯಾ ಗೇಟ್ ಬಳಿಯ ಜೈಪುರ ಹೌಸಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಚಿತ್ರ, ರೇಖಾಚಿತ್ರ, ಸಣ್ಣ ಶಿಲ್ಪಗಳ ದೊಡ್ಡ ಸಂಗ್ರಹವಿದೆ. 2012ರಲ್ಲಿ ಅವರ ಶಿಷ್ಯ, ಶಿಲ್ಪಿ ಕೆ.ಎಸ್. ರಾಧಾಕೃಷ್ಣನ್ ಅಲ್ಲಿ ಇವರ ಸಮಗ್ರ ಪ್ರದರ್ಶನವನ್ನೇ ಏರ್ಪಡಿಸಿದ್ದರು. ಎಲ್ಲವನ್ನೂ ಯಾವಾಗಲೂ ಹೊರಗಿಟ್ಟಿರುವುದಿಲ್ಲ, ಸಿಕ್ಕಷ್ಟು ನೋಡಬೇಕು. ಕ್ಯಾನ್ವಾಸಿನ ಅಂಚುಗಳನ್ನೂ ನೋಡಿ, ಮೂಲೆಯಲ್ಲಿ ನೀರಿನ ಕಲೆ ಏನಾದರೂ ಕಂಡೀತು. ಸೋಮವಾರ ರಜೆ.